ಶಿಬಿರಕ್ಕೆ ಬಾರದವರ ಲೆಕ್ಕ

ನಿಪ್ಪಾಣಿಯ ಬೀಡಿ ಕಟ್ಟುವ ಮನೆಯೊಂದರ ಹೊಸ್ತಿಲ ಬಳಿ ಕುಳಿತು ಆಶಾ ಕಾರ್ಯಕರ್ತೆ ಕ್ಯಾನ್ಸರ್ ಮೊದಲಾದ ರೋಗಗಳ ತಪಾಸಣಾ ಶಿಬಿರಕ್ಕಾಗಿ ನಮೂನೆ ತುಂಬುತ್ತಾರೆ. ವಯಸ್ಸೆಷ್ಟು? ತಂಬಾಕಿನ ಚಟವಿದೆಯೇ? ಸೊಂಟದ ಸುತ್ತಳತೆ ಎಷ್ಟು? ಮನೆಯಾಕೆ ಮೊರದಿಂದ ಕಣ್ಣೆತ್ತದೆ ಉತ್ತರಿಸುತ್ತಾಳೆ. ಅವಳಿಗೆ ಸಾವಿರ ಬೀಡಿಯ ಲೆಕ್ಕದಲ್ಲಿ ಕೂಲಿ. ಕೈ ನಿಂತರೆ ಕೂಲಿಯೂ ನಿಂತಿತು. ಉತ್ತರಗಳಿಗೆ ಸಿಗುವ ಒಟ್ಟು ಅಂಕ 4 ದಾಟಿದವರಿಗೆ ತಪಾಸಣೆಯಲ್ಲಿ ಆದ್ಯತೆ. ಹೀಗೆ ಆ ಹಾಳೆ ಜನರನ್ನು ಗುಂಪು ಮಾಡುವ ಒಂದು ವರ್ಗೀಕರಣವೇ. ಆದರೆ ಅದು ವಿಂಗಡಿಸುವುದು ರೋಗದ ಅಪಾಯವನ್ನು. ಬರುವುದಕ್ಕೆ ಏನು ಅಡ್ಡಿ ಎಂದು ಅದು ಕೇಳುವುದಿಲ್ಲ.

ಕೇಳಬೇಕಾದ ಆ ಪ್ರಶ್ನೆ ಹಳೆಯದು. 1950ರ ದಶಕದ ಅಮೆರಿಕದಲ್ಲಿ ಕ್ಷಯರೋಗ ಪತ್ತೆಗೆ ಉಚಿತ ಎಕ್ಸ್‌ರೇ ವಾಹನಗಳು ಮನೆಯ ಹತ್ತಿರವೇ ಬಂದರೂ ಜನ ಬರಲಿಲ್ಲ. ಏಕೆಂದು ಹುಡುಕಿದ ಮನಶ್ಶಾಸ್ತ್ರಜ್ಞರು ರೋಗದ ಭಯ, ತಪಾಸಣೆಯ ಮೇಲಿನ ನಂಬಿಕೆ, ಎದುರಾಗುವ ಅಡ್ಡಿ ಇವುಗಳನ್ನು ಒಟ್ಟಿಗೆ ತೂಗಿ ನೋಡಿದರು. ಯಾರು ಬಂದಾರು, ಯಾರು ಬಾರರು ಎಂದು ಊಹಿಸುವ ಲೆಕ್ಕದ ವಿಧಾನಗಳೂ ಇವೆ. ಬಂದರೇ ಇಲ್ಲವೇ ಎಂಬಂಥ ಎರಡೇ ಉತ್ತರದ ಪ್ರಶ್ನೆಗಳಿಗೆ ಒದಗುವ, ಒಂದು ಉತ್ತರದ ಸಂಭವ ಎಷ್ಟೆಂದು ಅಂದಾಜಿಸುವ ಲಾಜಿಸ್ಟಿಕ್ ರಿಗ್ರೆಷನ್ನಿಗೆ 1958ರಲ್ಲಿ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಕಾಕ್ಸ್ ಗಟ್ಟಿ ತಳಹದಿ ಹಾಕಿದರು. 1984ರಲ್ಲಿ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಲಿಯೊ ಬ್ರೀಮನ್ ಮತ್ತು ಸಂಗಡಿಗರು ನಿರ್ಣಯ ವೃಕ್ಷದ ವಿಧಾನವನ್ನು ಪುಸ್ತಕರೂಪದಲ್ಲಿ ವಿವರಿಸಿದರು. ಒಂದೊಂದು ಪ್ರಶ್ನೆಗೂ ಜನರನ್ನು ಎರಡು ಕವಲಾಗಿ ಒಡೆಯುತ್ತ ಹೋಗುವುದು ಅದರ ಬಗೆ.

ಭಾರತದ ಕ್ಯಾನ್ಸರ್ ನಿಯಂತ್ರಣ ಕಾರ್ಯಕ್ರಮ 1975ರದು. 30 ದಾಟಿದವರೆಲ್ಲರಿಗೂ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಎಂಬ ಮಾರ್ಗಸೂಚಿ ಬಂದದ್ದು 2016ರಲ್ಲಿ. ಪ್ರಯೋಜನದ ಬಗ್ಗೆ ಅನುಮಾನವಿರಲಿಲ್ಲ: ಸೊಲ್ಲಾಪುರದ ಆಚೆಗಿನ ಉಸ್ಮಾನಾಬಾದ್ ಹಳ್ಳಿಗಳಲ್ಲಿ ಗರ್ಭಕಂಠ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣುವನ್ನು ಪತ್ತೆಹಚ್ಚುವ ಒಂದೇ ಸುತ್ತಿನ ಪರೀಕ್ಷೆಯಿಂದ ಆ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕಿಳಿದದ್ದು 2009ರಲ್ಲೇ ಪ್ರಕಟವಾಗಿತ್ತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49ರ ಹೆಂಗಸರ ಪೈಕಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ಶೇ 1.9 ಮಾತ್ರ.

ಯಾರು ಬರುತ್ತಾರೆಂದು ಊಹಿಸುವ ಲೆಕ್ಕ ದಾರಿ ತಪ್ಪಿಸುವುದು ಇಲ್ಲಿಯೇ. ನೂರರಲ್ಲಿ ಇಬ್ಬರಷ್ಟೇ ಬರುವ ಕಡೆ, ‘ಯಾರೂ ಬರುವುದಿಲ್ಲ’ ಎಂದು ಕಣ್ಣುಮುಚ್ಚಿ ಹೇಳುವ ಸೂತ್ರವೂ ಶೇ 98ರಷ್ಟು ನಿಖರ! ಆ ನಿಖರತೆಯನ್ನು ನಾನು ಒಪ್ಪಲಾರೆ. ಬಂದ ಇಬ್ಬರನ್ನು ಸೂತ್ರ ಗುರುತಿಸಿತೇ, ಬಾರದವರು ಯಾವ ಕವಲಿನಲ್ಲಿ ಉಳಿದರು ಎಂದು ನೋಡಬೇಕು. ಕವಲು ‘ಅನಕ್ಷರಸ್ಥೆ’ ಎಂದು ಒಡೆದರೆ ಹೊರೆ ಹೆಂಗಸಿನ ತಲೆಗೆ ಬೀಳುತ್ತದೆ. ‘ಶಿಬಿರದ ಹೊತ್ತು ಕೂಲಿಯ ಹೊತ್ತು’ ಎಂದು ಒಡೆದರೆ ಅದನ್ನು ಇಲಾಖೆ ನಾಳೆಯೇ ಸರಿಪಡಿಸಬಹುದು. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋದವರ ಮನೆಗೆ ಬೀಗ. ಅವರು ಮರಳಿ ಬರುವ ತಿಂಗಳನ್ನು ಆಶಾ ಕಾರ್ಯಕರ್ತೆ ಬಲ್ಲರು. ಅದನ್ನು ಬರೆಯಲು ನಮೂನೆಯಲ್ಲಿ ಒಂದು ಸಾಲು ಸಾಕು.