ಮೊದಲು ಮಾಳಿಗೆ, ಆಮೇಲೆ ಆತ್ಮ: ಶರೀಫರ ಹಾಡಿನ ಅರ್ಥ ಹುಡುಕುವವರಿಗೆ

ಸುಗಮ ಸಂಗೀತ ಕಲಿಸುವ ನನಗೆ ರಾಗ, ತಾಳಕ್ಕಿಂತ ಹೆಚ್ಚಾಗಿ ಎದುರಾಗುವ ಪ್ರಶ್ನೆ ಒಂದಿದೆ. “ಕೋಡಗನ ಕೋಳಿ ನುಂಗಿತ್ತ ಅಂದರೆ ಏನರ್ಥ ಟೀಚರ್?” ಶಿಶುನಾಳ ಶರೀಫರ ಈ ಹಾಡಿನ ಬಗ್ಗೆ ಮಕ್ಕಳು ಕೇಳುತ್ತಾರೆ, ಅವರನ್ನು ಕರೆದುಕೊಂಡು ಹೋಗಲು ಬಂದ ಅಪ್ಪ ಅಮ್ಮಂದಿರು ಬಾಗಿಲಲ್ಲೇ ನಿಂತು ಕಿವಿಗೊಡುತ್ತಾರೆ. ಇದಕ್ಕೊಂದು ಸಿದ್ಧ ಉತ್ತರವೂ ಚಾಲ್ತಿಯಲ್ಲಿದೆ. ಕೋಡಗ, ಅಂದರೆ ಕೋತಿ, ಎಂದರೆ ಚಂಚಲವಾದ ಮನಸ್ಸು, ಕೋಳಿ ಎಂದರೆ ಬೆಳಗಾಯಿತೆಂದು ಎಚ್ಚರಿಸುವ ಜ್ಞಾನ; ಮನಸ್ಸನ್ನು ಜ್ಞಾನ ನುಂಗಿತು. ಈ ಉತ್ತರಕ್ಕೆ ಆಧಾರವಿದೆ. “ಕೊಂಬೆಯ ಮೇಲಣ ಮರ್ಕಟನಂತೆ ಲಂಘಿಸುವುದೆನ್ನ ಮನವು” ಎಂದು ಬಸವಣ್ಣನವರೇ ಹೇಳಿದ್ದಾರೆ. ಆದರೆ ಅಷ್ಟಕ್ಕೇ ಮಾತು ಮುಗಿಸಿದರೆ ಹಾಡು ಬಿಡಿಸಿಟ್ಟ ಒಗಟಾಗಿಬಿಡುತ್ತದೆ. ಬಿಡಿಸಿದ ಒಗಟನ್ನು ಮತ್ತೆ ಯಾರು ಕೇಳುತ್ತಾರೆ? ಈ ಹಾಡನ್ನಾದರೋ ನೂರಾರು ಸಲ ಕೇಳಿದವರೂ ಮತ್ತೆ ಕೇಳುತ್ತಾರೆ.

ಶರೀಫರ ಪದಗಳ ಅರ್ಥ ಹೇಳುವವರು ಆತ್ಮ, ಪರಮಾತ್ಮ, ಮಾಯೆಗಳ ಕಡೆಗೆ ಬಹಳ ಬೇಗ ಓಡುತ್ತಾರೆ. ಹಾಡಿನಲ್ಲಿ ಬರುವ ಮಗ್ಗ, ಮಾಳಿಗೆ, ಸಂತೆಗಳನ್ನು ಸಿಪ್ಪೆಯೆಂದು ಸುಲಿದು ಎಸೆಯುತ್ತಾರೆ. ನನ್ನ ಅನುಭವ ಇದಕ್ಕೆ ತದ್ವಿರುದ್ಧ. ಆ ವಸ್ತು ಹೇಗಿರುತ್ತದೆ, ಅದರ ಕೆಲಸವೇನು, ಅದು ಹೇಗೆ ಕೆಡುತ್ತದೆ ಎಂದು ತಿಳಿದ ಮೇಲೆಯೇ ಒಳಗಿನ ಅರ್ಥ ಬಿಚ್ಚಿಕೊಳ್ಳುವುದು.

ಶರೀಫರು ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದವರು, ಬದುಕಿದ್ದ ಕಾಲ 1819ರಿಂದ 1889. ಮುಸ್ಲಿಂ ಮನೆಯಲ್ಲಿ ಹುಟ್ಟಿ ಕಳಸದ ಗೋವಿಂದ ಭಟ್ಟರ ಶಿಷ್ಯರಾದರು. ಪದಗಳು ಭಜನೆಯವರ ಬಾಯಿಂದ ಬಾಯಿಗೆ ಬಂದವು. ನಾಡಿನ ಮನೆಮನೆಗೆ ಅವು ಮುಟ್ಟಿದ್ದು ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಆಸಕ್ತಿಯಿಂದ, ಸಿ. ಅಶ್ವಥ್ ಅವರ ಸಂಯೋಜನೆಯಿಂದ, ಮತ್ತು 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ಚಲನಚಿತ್ರದಿಂದ. ಬಾಯಿಪಾಠವಾಗಿ ಬಂದದ್ದರಿಂದ ಒಂದೇ ಹಾಡಿಗೆ ಹಲವು ಪಾಠಗಳಿವೆ. ನಾನು ಇಲ್ಲಿ ಬಳಸುತ್ತಿರುವುದು ಹೆಚ್ಚಾಗಿ ಹಾಡುವ ರೂಪ.

ಕೋಡಗನ ಹಾಡನ್ನೇ ನೋಡಿ. ಅದರ ಪಲ್ಲವಿಗೆ ಮರುಳಾಗುವ ನಾವು ನುಡಿಗಳ ಕೊನೆಯನ್ನು ಗಮನಿಸುವುದೇ ಇಲ್ಲ. ಮೊದಲ ನುಡಿಯಲ್ಲಿ ಆಡು ಆನೆಯನ್ನು, ಗೋಡೆ ಸುಣ್ಣವನ್ನು ನುಂಗಿದ ಮೇಲೆ “ಆಡಲು ಬಂದ ಪಾತರದವಳ ಮದ್ದಳೆ ನುಂಗಿತ್ತ” ಎನ್ನುತ್ತಾರೆ. ಮುಂದೆ ಕುಟ್ಟಲು ಬಂದ ಮುದುಕಿಯನ್ನು ನೊಣ ನುಂಗುತ್ತದೆ. ಆಮೇಲೆ “ಹಗ್ಗ ಮಗ್ಗವ ನುಂಗಿ, ಮಗ್ಗವ ಲಾಳಿ ನುಂಗಿ”, ಮಗ್ಗದಲ್ಲಿ ಕುಳಿತ ಅಣ್ಣನನ್ನೇ ಮಣಿ ನುಂಗುತ್ತದೆ. ಹೊಲದಲ್ಲಿರುವ ಇನ್ನೊಬ್ಬ ಅಣ್ಣನನ್ನು ಅವನ ಕೈಯಲ್ಲಿದ್ದ ಮೇಳಿಯೇ, ಅಂದರೆ ನೇಗಿಲ ಹಿಡಿಯೇ, ನುಂಗುತ್ತದೆ. ಪ್ರತಿ ನುಡಿಯ ತುದಿಯಲ್ಲೂ ಒಬ್ಬ ಮನುಷ್ಯ ಇದ್ದಾನೆ, ಮತ್ತು ಪ್ರತಿಯೊಬ್ಬರೂ ದುಡಿಯುವವರು. ಕುಣಿಯುವವಳು, ಕುಟ್ಟುವವಳು, ನೇಯುವವನು, ಉಳುವವನು. ನುಂಗಿದ್ದು ಹುಲಿ, ಭೂತಗಳಲ್ಲ. ಹೆಚ್ಚಿನ ಕಡೆ ಅವರವರ ಕಸುಬಿನ ಸಾಮಾನೇ ಅವರನ್ನು ನುಂಗಿದೆ. ಬಳಸುತ್ತೇವೆ ಎಂದುಕೊಂಡದ್ದು ನಮ್ಮನ್ನೇ ಬಳಸಿ ಮುಗಿಸಿದೆ.

ಕೊನೆಯ ನುಡಿಗೆ ಬಂದಾಗ ಆ ಸಾಲಿನಲ್ಲಿ ನಿಲ್ಲುವವರು ಸ್ವತಃ ಶರೀಫರು: “ಗೋವಿಂದ ಗುರುವಿನ ಪಾದ ನನ್ನನೆ ನುಂಗಿತ್ತ.” ಹಿಂದಿನ ನಾಲ್ಕು ಸಲ ಸೋಲಿನಂತೆ ಕೇಳಿಸಿದ ‘ನುಂಗಿತ್ತ’ ಐದನೆಯ ಸಲ ಬಿಡುಗಡೆಯಂತೆ ಕೇಳಿಸುತ್ತದೆ. ಯಾವುದೋ ಒಂದು ನುಂಗುವುದಂತೂ ಖಚಿತ, ಮೇಳಿ ನುಂಗಬೇಕೋ ಗುರುಪಾದ ನುಂಗಬೇಕೋ ಎಂಬುದಷ್ಟೇ ಉಳಿದ ಪ್ರಶ್ನೆ. ಇದು ಅಲ್ಲಮನ ಒಗಟಿನಂಥ ಬೆಡಗಿನ ವಚನಗಳ ಕಡೆಯಿಂದ ಬಂದ ದಾರಿ; ಕಬೀರನ ಉಲಟಬಾಂಸಿಗಳಲ್ಲೂ ಲೋಕ ಹೀಗೆಯೇ ತಲೆಕೆಳಗಾಗುತ್ತದೆ. ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳುತ್ತೇನೆ: ಎಲ್ಲ ನುಡಿಗಳನ್ನೂ ಒಂದೇ ಉಲ್ಲಾಸದಲ್ಲಿ, ಚಪ್ಪಾಳೆಯ ಭರದಲ್ಲಿ ಓಡಿಸಬೇಡಿ. ಕೊನೆಯ ನುಡಿಯಲ್ಲಿ ತಾಳವಾದ್ಯ ಇಳಿಯಬೇಕು. ಇಲ್ಲದಿದ್ದರೆ ಗುರುಪಾದವೂ ನೊಣದ ಸಾಲಿಗೇ ಸೇರಿಬಿಡುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಹತ್ತಿರವಾದ ಹಾಡು ‘ಸೋರುತಿಹುದು ಮನೆಯ ಮಾಳಿಗೆ’. ಕಾಂಕ್ರೀಟ್ ತಾರಸಿಯ ಕೆಳಗೆ ಬೆಳೆದವರು ಇದನ್ನು ಮನಸ್ಸಿನ ಹಾಡೆಂದು ನೇರವಾಗಿ ಒಪ್ಪಿಕೊಂಡುಬಿಡುತ್ತಾರೆ. “ಅಜ್ಞಾನದಿಂದ” ಎಂಬ ಮಾತು ಪಲ್ಲವಿಯಲ್ಲೇ ಇದೆಯಲ್ಲ. ಆದರೆ ಅದು ಯಾವ ಮಾಳಿಗೆ? ಧಾರವಾಡ, ಹಾವೇರಿ ಕಡೆಯ ಹಳೆಯ ಮಣ್ಣಿನ ಮಾಳಿಗೆ. ಗೋಡೆಯಿಂದ ಗೋಡೆಗೆ ದಪ್ಪ ತೊಲೆ, ತೊಲೆಯ ಮೇಲೆ ಅಡ್ಡ ಜಂತಿಗಳು, ಅವುಗಳ ಮೇಲೆ ಹಲಗೆಯನ್ನೋ ಕಟ್ಟಿಗೆಯನ್ನೋ ಹಾಸಿ, ಮಣ್ಣು ಹೇರಿ, ಬಡಿದು ಗಟ್ಟಿ ಮಾಡಿದ ಸಮತಟ್ಟಾದ ಸೂರು. ಮಳೆಗಾಲಕ್ಕೆ ಮುಂಚೆ ಅದಕ್ಕೆ ಹೊಸ ಮಣ್ಣು ಬೀಳಬೇಕು. ಮಳೆ ಹಿಡಿದಾಗ ಎಲ್ಲಾದರೂ ತೊಟ್ಟಿಕ್ಕಿದರೆ ಮನೆಯವರೊಬ್ಬರು ಮೇಲೆ ಹತ್ತಿ, ಬಿರುಕು ಬಿಟ್ಟ ಜಾಗವನ್ನು ಕಾಲಿನಿಂದ ತುಳಿದು ಮುಚ್ಚಬೇಕು.

ಇಷ್ಟು ಗೊತ್ತಾದ ಮೇಲೆ “ಕಾಳ ಕತ್ತಲೆಯೊಳಗೆ ನಾನು ಮೇಲಕೇರಿ ಮೆಟ್ಟಲಾರೆ” ಎಂಬ ಸಾಲನ್ನು ಓದಿ. ಮೇಲಕ್ಕೇರುವುದು ಎಂದ ಕೂಡಲೇ ಕುಂಡಲಿನಿ, ಷಟ್ಚಕ್ರಗಳಿಗೆ ಹಾರುವ ವ್ಯಾಖ್ಯಾನಗಳನ್ನು ಕೇಳಿದ್ದೇನೆ. ಅವೂ ಸಲ್ಲಬಹುದು. ಆದರೆ ಮೊದಲು ಅಲ್ಲಿರುವುದು ನಡುರಾತ್ರಿ, ಸುರಿಯುವ ಮಳೆ, ಕಣ್ಣು ಕಾಣದ ಕತ್ತಲು, ಮಾಳಿಗೆ ಹತ್ತಲಾಗದೆ ಕೆಳಗೆ ನಿಂತ ಒಬ್ಬ ಮನುಷ್ಯ. ರಿಪೇರಿ ಹೇಗೆಂದು ಅವನಿಗೆ ಗೊತ್ತು, ಮಾಡುವ ಶಕ್ತಿ ಇಲ್ಲ. ಅಜ್ಞಾನ ಎಂಬುದಕ್ಕೆ ಇದಕ್ಕಿಂತ ಮರುಕದ ಚಿತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಂದಿನ ನುಡಿ ಒಬ್ಬ ಅನುಭವಿ ಗೌಂಡಿಯ ತಪಾಸಣೆಯಂತಿದೆ. “ಕರಕಿ ಹುಲ್ಲು ಕಸವು ಹತ್ತಿ”, ಅಂದರೆ ನೋಡಿಕೊಳ್ಳದೆ ಬಿಟ್ಟ ಮಾಳಿಗೆಯ ಮಣ್ಣಿನಲ್ಲಿ ಮೊದಲು ಕರಕಿ ಬೇರು ಬಿಡುತ್ತದೆ. “ದುರಿತ ಭವದ ಇರುವೆ ಮುತ್ತಿ”, ಸಡಿಲಾದ ಮಣ್ಣನ್ನು ಇರುವೆ ಕೊರೆಯುತ್ತದೆ. “ಜಲದ ಭರದಿ ತಿಳಿಯ ಮಣ್ಣು ಒಳಗೆ ಹೊರಗೆ ಏಕವಾಗಿ”, ಕೊನೆಗೆ ನೀರು ಆ ದಾರಿಗಳನ್ನೇ ಹಿಡಿದು ಮಣ್ಣನ್ನು ಒಳಗೆ ಇಳಿಸುತ್ತದೆ. ಸೂರು ಕೆಡುವ ಕ್ರಮವೇ ಇದು, ಒಂದು ಹೆಜ್ಜೆಯೂ ತಪ್ಪಿಲ್ಲ. ಪಾಪ ಎಲ್ಲಿಂದಲೋ ಬಂದು ಎರಗುವುದಿಲ್ಲ, ಕಿತ್ತುಹಾಕದೆ ಬಿಟ್ಟ ಒಂದು ಹುಲ್ಲಿನ ಬೇರಿನಿಂದ ಶುರುವಾಗುತ್ತದೆ ಎಂಬ ತಿಳಿವು ಆ ಕ್ರಮದಲ್ಲೇ ಇದೆ. ಇನ್ನೊಂದನ್ನು ಗಮನಿಸಿ. “ಒಳಗೆ ಹೊರಗೆ ಏಕವಾಗಿ” ಎಂಬ ಮಾತು ಬೇರೆ ಅನುಭಾವಿಗಳ ಬಾಯಲ್ಲಿ ಬಂದಿದ್ದರೆ ಅದು ಪರಮಾನಂದದ ಸ್ಥಿತಿ. ಇಲ್ಲಿ ಅದು ಮನೆಯೊಳಗೆ ಕೆಸರು ತುಂಬಿದ ಸ್ಥಿತಿ. ಕೊನೆಯ ನುಡಿಯಲ್ಲಿ ಆಗುವ ತಿರುವಿಗೆ ಶರೀಫರು ಇಲ್ಲೇ ನೆಲ ಹದ ಮಾಡಿದ್ದಾರೆಂದು ನನಗನ್ನಿಸುತ್ತದೆ.

ಆ ತಿರುವು ಇದು: “ಕಾಂತೆ ಕೇಳೆ ಕರುಣದಿಂದ ಬಂತು ಕಾಣೆ ಹುಬ್ಬಿ ಮಳೆಯು.” ಹಾಡುವವರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಎಂಬುದರ ಮೇಲೆ ಇದರ ಅರ್ಥ ನಿಂತಿದೆ. “ಕಾಂತೆ ಕೇಳೆ ಕರುಣದಿಂದ” ಎಂದು ಹಾಡಿ ಉಸಿರೆಳೆದುಕೊಂಡರೆ, ಹೆಂಡತಿಯೇ, ಕರುಣೆಯಿಟ್ಟು ನನ್ನ ಗೋಳು ಕೇಳು ಎಂದಾಗುತ್ತದೆ. “ಕಾಂತೆ ಕೇಳೆ” ಎಂದು ನಿಲ್ಲಿಸಿ “ಕರುಣದಿಂದ ಬಂತು ಕಾಣೆ ಹುಬ್ಬಿ ಮಳೆಯು” ಎಂದು ಒಂದೇ ಉಸಿರಿನಲ್ಲಿ ಹಾಡಿದರೆ ಮಳೆಯೇ ಕರುಣೆಯಾಗಿ ಬಂತು ಎಂದಾಗುತ್ತದೆ. ಯಾವ ಮಳೆ? ಮಾಳಿಗೆಯನ್ನು ಕೆಡವುತ್ತಿರುವ ಅದೇ ಮಳೆ. ಹುಬ್ಬಿ ಎಂಬ ಮಳೆ ನಕ್ಷತ್ರ ಬರುವುದು ಸೆಪ್ಟೆಂಬರ್ ಮೊದಲ ಭಾಗದ ಸುಮಾರಿಗೆ, ಆ ಸೀಮೆಯ ಹೊಲಗಳು ಹಿಂಗಾರಿಗೆ ಹದಗೊಳ್ಳುವ ಹೊತ್ತಿನಲ್ಲಿ. ಮನೆಗೆ ಕೇಡಾದದ್ದು ಹೊಲಕ್ಕೆ ವರ. ಎರಡನೆಯ ರೀತಿಯಲ್ಲಿ ಹಾಡಿದಾಗ ಮುಂದಿನ “ಶಿಶುನಾಳಧೀಶ ತಾನು ಪೊರೆವನು ಎಂದು ನಂಬಿದೆ” ಎಂಬ ಮಾತಿಗೆ ನೆಲೆ ಸಿಗುತ್ತದೆ. ಎರಡೂ ಸರಿಯೇ ಎಂದು ಹೇಳಿ ಜಾರಿಕೊಳ್ಳಬಹುದು. ನಾನು ಕಲಿಸುವುದು ಮಾತ್ರ ಎರಡನೆಯದನ್ನು.

‘ಬಿದ್ದೀಯಬೇ ಮುದುಕಿ’ಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದನ್ನು ನಗೆಹಾಡಾಗಿ ಕುಣಿಸುವುದು ನನಗೆ ಹಿಡಿಸುವುದಿಲ್ಲ. “ಸದ್ಯಕಿದು ಹುಲುಗೂರ ಸಂತಿ” ಎಂದು ಶರೀಫರು ಊರಿನ ಹೆಸರನ್ನೇ ಹಿಡಿದು ಹಾಡಿದ್ದಾರೆ. ಹುಲಗೂರು ಶಿಶುನಾಳದ ಸಮೀಪದ ಊರು. ಎದುರಿಗೆ ಕುಳಿತು ಕೇಳುತ್ತಿದ್ದವರಿಗೆ ಆ ಸಂತೆಯ ನೂಕುನುಗ್ಗಲು ಗೊತ್ತಿತ್ತು, ಅಲ್ಲಿ ಬಿದ್ದ ಮುದುಕಿಯನ್ನು ಎಬ್ಬಿಸುವವರಿಲ್ಲ ಎಂಬ ಕಳವಳವೂ ಗೊತ್ತಿತ್ತು. ಮುದುಕಿ ಎಂದರೆ ಈ ಶರೀರ ಎಂಬ ಅರ್ಥ ಆ ಕಳವಳದಿಂದ ಹುಟ್ಟಬೇಕು.

ಈಚೆಗೆ ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಅಳಬೇಡ ತಂಗಿ ಅಳಬೇಡ’. ಹೆಣ್ಣು ಒಪ್ಪಿಸುವ ಹೊತ್ತಿಗೆ ಹೊಂದುತ್ತದೆಂದು ಮದುವೆ ಮನೆಗಳಲ್ಲಿ ಇದನ್ನು ಹಾಡಿಸುತ್ತಾರೆ. “ನಿನ್ನ ಕಳುಹ ಬಂದವರಿಲ್ಲಿ ಉಳುಹಿಕೊಂಬುವರಿಲ್ಲ” ಎಂಬ ಸಾಲು ಬಂದಾಗ ತವರಿನವರ ಕಣ್ಣು ತುಂಬುತ್ತದೆ. ಬಲ್ಲವರು ಕೆಲವರು ನನ್ನನ್ನು ಪಕ್ಕಕ್ಕೆ ಕರೆದು, ಇದು ಸಾವಿನ ಪದ, ಶುಭಕಾರ್ಯದಲ್ಲಿ ಬೇಡ ಎಂದದ್ದೂ ಉಂಟು. ಜೀವ ದೇಹವನ್ನು ಬಿಟ್ಟು ಹೊರಡುವುದೇ ಇಲ್ಲಿಯ ಪಯಣ ಎಂಬುದು ನಿಜ. ಹಾಡಿನಲ್ಲಿ ಉಡಿಯಕ್ಕಿ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಗಂಡನ ಮನೆಗೆ ಹೊರಟ ಮಗಳಿಗೆ ಉಡಿ ತುಂಬುತ್ತಾರೆ; ಮುತ್ತೈದೆ ತೀರಿಕೊಂಡಾಗಲೂ ಉಡಿ ತುಂಬಿಯೇ ಕಳಿಸುತ್ತಾರೆ. ಎರಡೂ ಕಳುಹಿಸುವಿಕೆಗೆ ಒಂದೇ ಅಕ್ಕಿ. ಶರೀಫರು ಉಪಮೆ ಹುಡುಕಿಕೊಂಡು ಹೋಗಲಿಲ್ಲ, ಊರಿನ ಆಚರಣೆಯೇ ಎರಡನ್ನೂ ಸೇರಿಸಿ ಇಟ್ಟಿತ್ತು.

ಆದ್ದರಿಂದ ಮದುವೆಯಲ್ಲಿ ಹಾಡಬಾರದೆಂದು ನಾನು ಹೇಳುವುದಿಲ್ಲ. ಕೇಳಿದವರಿಗೆ ಅರ್ಥವನ್ನು ಮುಚ್ಚಿಡದೆ ಹೇಳುತ್ತೇನೆ, ಬೇಡವೆಂದರೆ ಬೇರೆ ಹಾಡು ಆರಿಸಿಕೊಡುತ್ತೇನೆ. ಬೇಕೆಂದರೆ ಒಂದೇ ಷರತ್ತು: ಎರಡು ನುಡಿಗೆ ಕತ್ತರಿಸದೆ, “ಶಿಶುನಾಳಧೀಶನ ಅಂಗಳಕ” ಬರುವವರೆಗೆ ಪೂರ್ತಿಯಾಗಿ ಹಾಡಬೇಕು.