ತಾಂಬೂಲದ ಬ್ಯಾಗಲ್ಲಿ ಗಿಫ್ಟ್ ಸುತ್ತಬಹುದಾ? ಅದೂ ಬಟ್ಟೆನೇ ಅಲ್ವಾ?

ಪ್ರಶ್ನೆ: ಕ್ರಿಸ್‌ಮಸ್‌ಗೆ ಫ್ರೆಂಡ್ಸ್ ಮನೆಗೆ ಗಿಫ್ಟ್ ತಗೊಂಡು ಹೋಗ್ಬೇಕು. ಅಂಗಡಿ ಗಿಫ್ಟ್ ಪೇಪರ್ ಬೇಡ ಅಂದ್ಕೊಂಡಿದೀನಿ. ಮದುವೆಗಳಲ್ಲಿ ಕೊಟ್ಟ ಬಟ್ಟೆ ಬ್ಯಾಗ್ ರಾಶಿ ಬಿದ್ದಿದೆ, ಅದನ್ನೇ ಕತ್ತರಿಸಿ ಸುತ್ತಿದ್ರೆ ಪರಿಸರಕ್ಕೆ ಒಳ್ಳೇದಲ್ವಾ? ಮನೇಲಿರೋದ್ರಲ್ಲಿ ಬೇರೆ ಏನು ಬಳಸಬಹುದು?

ಗೌರಿ ಹಬ್ಬಕ್ಕೊಂದ್ಸಲ ಇದೇ ಪ್ರಶ್ನೆ, ದೀಪಾವಳಿಗೆ ಇನ್ನೊಂದ್ಸಲ, ಈಗ ಡಿಸೆಂಬರಲ್ಲಿ ಮತ್ತೆ. ಬೇರೆ ಏನು ಬಳಸೋದು ಅನ್ನೋದು ಸುಲಭ, ಆಮೇಲೆ ಹೇಳ್ತೀನಿ. ಮೊದಲು ಆ ‘ಬಟ್ಟೆ ಬ್ಯಾಗ್’ ವಿಚಾರ ಇತ್ಯರ್ಥ ಆಗ್ಲಿ.

ಅದು ಬಟ್ಟೆ ಅಲ್ಲ. ಪ್ಲಾಸ್ಟಿಕ್. ಪಾಲಿಪ್ರೊಪಿಲೀನ್ ಅಂತ, ಹೋಟೆಲಿಂದ ಸಾಂಬಾರ್ ಬರೋ ಕಪ್ಪು ಡಬ್ಬಿ ಇದೆಯಲ್ಲ, ಹೆಚ್ಚುಕಮ್ಮಿ ಅದೇ ಮಾಲು. ಪ್ಲಾಸ್ಟಿಕ್ ಕಾಳು ಕರಗಿಸಿ ಸಣ್ಣ ಸಣ್ಣ ತೂತಿಂದ ಶಾವಿಗೆ ಒತ್ತಿದ ಹಾಗೆ ಎಳೆ ತೆಗೀತಾರೆ, ಆ ಎಳೆಗಳನ್ನ ಹಾಸಿ ಬಿಸಿ ರೋಲರ್ ಕೆಳಗೆ ಅದುಮಿದ್ರೆ ಒಂದಕ್ಕೊಂದು ಅಂಟ್ಕೊಂಡು ಹಾಳೆ ಆಗುತ್ತೆ. ಮಗ್ಗ ಇಲ್ಲ, ನೇಯ್ಗೆ ಇಲ್ಲ, ಅದಕ್ಕೇ ಅದರ ಹೆಸರೇ ನಾನ್ ವೋವನ್. ನನ್ನ ಮಾತು ನಂಬಬೇಡಿ, ಒಂದು ಬ್ಯಾಗ್ ಕೈಗೆತ್ಕೊಂಡು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಹಾಸು ಹೊಕ್ಕು ಕಾಣಲ್ಲ, ಚುಕ್ಕಿ ಚುಕ್ಕಿ ಅಚ್ಚು ಕಾಣುತ್ತೆ, ಅದೇ ರೋಲರ್ ಗುರುತು. ಎಷ್ಟೋ ಬ್ಯಾಗಿಗೆ ಹೊಲಿಗೆ ಕೂಡ ಇರಲ್ಲ, ಅಂಚನ್ನ ಕಾಯಿಸಿ ಬೆಸೆದಿರ್ತಾರೆ. ಇನ್ನೂ ಅನುಮಾನ ಇದ್ರೆ ಬೆರಳುಗುರಿನಷ್ಟು ಚೂರನ್ನ ಚಿಮಟದಲ್ಲಿ ಹಿಡ್ಕೊಂಡು, ಸಿಂಕ್ ಮೇಲೆ ನಿಂತು ಬೆಂಕಿ ಕಡ್ಡಿ ತೋರಿಸಿ (ಮಕ್ಕಳ ಕೈಗೆ ಕೊಡಬೇಡಿ ಮತ್ತೆ). ಕಾಟನ್ ಆಗಿದ್ರೆ ಕಾಗದ ಸುಟ್ಟ ವಾಸನೆ, ಮುಟ್ಟಿದ್ರೆ ಉದುರೋ ಬೂದಿ. ಇದು ಮುದುರ್ಕೊಂಡು ಕರಗಿ ಗಟ್ಟಿ ಮಣಿ ಆಗುತ್ತೆ, ಮೇಣದ ಥರ ವಾಸನೆ.

ನಾನೂ ಬುದ್ಧಿವಂತಳೇನಲ್ಲ, ಒಂದ್ಸಲ ಸುಕ್ಕು ಹೋಗ್ಲಿ ಅಂತ ಇಂಥ ಕೆಂಪು ಬ್ಯಾಗಿನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟೆ, ಸುಮಾರು 160 ಡಿಗ್ರಿಗೆಲ್ಲ ಕರಗೋ ಮಾಲು ಅದು, ಪೆಟ್ಟಿಗೆ ತಳಕ್ಕೆ ಅಂಟಿದ್ದನ್ನ ಕೆರೆಯೋಕೆ ಒಂದು ಮಧ್ಯಾಹ್ನ ಹೋಯ್ತು.

‘ಆದ್ರೂ ಮಣ್ಣಲ್ಲಿ ಕೊಳೆಯುತ್ತಂತಲ್ಲ, ಮುಟ್ಟಿದ್ರೆ ಪುಡಿ ಆಗುತ್ತೆ’ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಪುಡಿ ಆಗೋದು ನಿಜ, ಬಾಲ್ಕನಿ ಬಿಸಿಲಲ್ಲಿ ಕೆಲವು ತಿಂಗಳು ನೇತುಹಾಕಿದ್ರೆ ಹಪ್ಪಳದ ಥರ ಉದುರುತ್ತೆ. ಅದು ಕೊಳೆತಿದ್ದಲ್ಲ, ಒಂದು ದೊಡ್ಡ ಪ್ಲಾಸ್ಟಿಕ್ ಲಕ್ಷ ಸಣ್ಣ ಪ್ಲಾಸ್ಟಿಕ್ ಆಗಿದ್ದು, ಆಯ್ಕೊಳ್ಳೋಕೂ ಆಗಲ್ಲ. ಸರ್ಕಾರಕ್ಕೂ ಗೊಂದಲ ಇಲ್ಲ, 2021ರಲ್ಲಿ ಪ್ಲಾಸ್ಟಿಕ್ ತ್ಯಾಜ್ಯದ ನಿಯಮ ತಿದ್ದಿದಾಗ ಇದನ್ನ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ಅಂತಲೇ ಕರೆದು, ಚದರ ಮೀಟರಿಗೆ 60 ಗ್ರಾಂಗಿಂತ ತೆಳು ಇರಬಾರದು ಅಂದಿದಾರೆ. ಬ್ಯಾಗ್ ಮೇಲೆ ಹಸಿರು ಎಲೆ ಚಿತ್ರ ಪ್ರಿಂಟ್ ಹಾಕಿದ್ರೆ ಅದು ಹತ್ತಿ ಆಗಲ್ಲ ರೀ.

ಹಾಗಂತ ಈಗಲೇ ಬಿಸಾಕಬೇಡಿ. ಕತ್ತರಿಸದೆ, ಹರಿಯೋವರೆಗೂ ತರಕಾರಿಗೆ ಬಳಸಿ, ಆಮೇಲೆ ಒಣಕಸಕ್ಕೆ ಹಾಕಿ.

ಸರಿ, ಗಿಫ್ಟಿಗೆ ಏನು? ಬೀರು ತೆಗೀರಿ. ಅರಿಶಿನ ಕುಂಕುಮದ ಜೊತೆ ಬಂದು, ಯಾರೂ ಹೊಲಿಸದೆ, ಮನೆಯಿಂದ ಮನೆಗೆ ಸುತ್ತುತ್ತಾ ಇರೋ ಬ್ಲೌಸ್ ಪೀಸ್‌ಗಳಿವೆಯಲ್ಲ, ಅವೇ. ಕಾಟನ್ ಪೀಸ್ ಆರಿಸ್ಕೊಳ್ಳಿ, ಸಿಂಥೆಟಿಕ್ ಜಾರುತ್ತೆ, ಗಂಟು ನಿಲ್ಲಲ್ಲ. ಮೂಲೆಯಿಂದ ಮೂಲೆಗೆ ಅಳೆದ್ರೆ ಬಟ್ಟೆ ಗಿಫ್ಟಿನ ಉದ್ದದ ಮೂರರಷ್ಟಿರಬೇಕು. ಗಿಫ್ಟನ್ನ ಓರೆಯಾಗಿ ಮಧ್ಯದಲ್ಲಿಟ್ಟು ಎದುರುಬದುರು ಎರಡು ಮೂಲೆ ಮಡಚಿ, ಉಳಿದೆರಡನ್ನ ಮೇಲೆ ತಂದು ಎರಡು ಗಂಟು ಹಾಕಿ. ಜಪಾನಿನವರ ಫುರೋಶಿಕಿ ಅಂತ ವಿಡಿಯೋ ನೋಡಿ ಬೆರಗಾಗ್ತೀರಲ್ಲ, ನಮ್ಮಲ್ಲಿ ಅದು ಬುತ್ತಿ ಗಂಟು. ಗೌರಿ ಬಾಗಿನದಲ್ಲಂತೂ ಮೊರಕ್ಕೆ ಮೊರವೇ ಮುಚ್ಚಳ, ಪ್ಯಾಕಿಂಗೂ ಗಿಫ್ಟೇ.

ಪುಸ್ತಕದಂಥ ಚಪ್ಪಟೆ ಸಾಮಾನಿಗೆ ಕ್ಯಾಲೆಂಡರ್ ಹಾಳೆ, ಹೇಗೂ ವರ್ಷ ಮುಗೀತಾ ಇದೆ. ದೇವರ ಚಿತ್ರ ಇರೋದನ್ನ ಹರಿಯೋಕೆ ಮನಸ್ಸು ಬರಲ್ಲ, ಅದನ್ನ ಬಿಟ್ಟುಬಿಡಿ. ಟೇಪ್ ಬೇಡ, ಪಾರದರ್ಶಕ ಟೇಪ್ ಕೂಡ ಸಾಮಾನ್ಯವಾಗಿ ಅದೇ ಪಾಲಿಪ್ರೊಪಿಲೀನ್. ನಾಲ್ಕು ಅಗುಳು ಬಿಸಿ ಅನ್ನ ಬೆರಳಲ್ಲಿ ಮಸೆದು ಹಚ್ಚಿ, ಹತ್ತು ನಿಮಿಷ ಮೇಲೊಂದು ದಪ್ಪ ಪುಸ್ತಕ ಇಡಿ. ಕಟ್ಟೋಕೆ ಹೂವಿನ ಬಾಳೆನಾರು ಚೆನ್ನಾಗಿರುತ್ತೆ, ನೀರಲ್ಲಿ ನೆನೆಸಿ ಕಟ್ಟಿ, ಒಣಗಿದ್ದು ಪಟ್ ಅಂತ ಕಿತ್ತು ಬರುತ್ತೆ. ಚಕ್ಕುಲಿ ಕಲ್ಕಲ್ ಕೊಡೋದಾದ್ರೆ ಸ್ಟೀಲ್ ಡಬ್ಬಿಗೆ ಹಾಕಿ ಡಬ್ಬಿನೇ ಗಂಟು ಕಟ್ಟಿ, ತಿಂಡಿಗೆ ನ್ಯೂಸ್‌ಪೇಪರ್ ತಾಗಿಸಬೇಡಿ, ಇಂಕು ಎಣ್ಣೆಗೆ ಬಿಡುತ್ತೆ. ಸ್ವೀಟ್ ಬಾಕ್ಸ್ ಮೇಲೆ ಸುತ್ತೋ ಪ್ಲಾಸ್ಟಿಕ್ ಫಿಲ್ಮ್ ಅಂತೂ 2022ರ ಜುಲೈ 1ರಿಂದಲೇ ನಿಷೇಧ.

ಯಾರೂ ಕೇಳ್ಲಿಲ್ಲ, ಆದ್ರೂ ಮುಯ್ಯಿ ಕವರ್ ಬಗ್ಗೆ ಒಂದು ಮಾತು. ಆ ಮಿರಿಮಿರಿ ಮಿಂಚೋ ಕವರನ್ನ ಗುಜರಿಯವನೂ ಪಕ್ಕಕ್ಕೆ ಇಡ್ತಾನೆ, ಮೇಲೆ ಹೊಳೆಯೋದು ಪ್ಲಾಸ್ಟಿಕ್ ಪದರ. ಗಡಿಬಿಡಿಲಿ ಅಂಟಿಸಿದ ಒಂದ್ರೂಪಾಯಿ ಸಮೇತ ಕಸಕ್ಕೆ ಹೋಗಿರೋ ಕವರ್ ನಾನೇ ಎಷ್ಟೋ ಹೆಕ್ಕಿದೀನಿ. ಕ್ಯಾಲೆಂಡರ್ ಹಾಳೆ ಉಳಿದ್ರೆ ಬಿಳಿ ಭಾಗ ಹೊರಗೆ ಬರೋ ಹಾಗೆ ಮಡಚಿ ಕವರ್ ಮಾಡ್ಕೊಳ್ಳಿ, ಮೂಲೇಲಿ ಒಂಚೂರು ಅರಿಶಿನ ಹಚ್ಚಿ, ನಾಣ್ಯನ ನೋಟಿನ ಜೊತೆ ಒಳಗೇ ಹಾಕಿ.