ಮಗಳ ಹೆಸರನ್ನು ನಕ್ಷತ್ರಕ್ಕೆ ಇಡಬಹುದೇ?

ಪ್ರಶ್ನೆ: ಈ ಕಾರ್ತಿಕದಲ್ಲಿ ನಮ್ಮ ಮಗಳಿಗೆ ಹದಿನೇಳು ತುಂಬುತ್ತದೆ. ಹಣ ಕಟ್ಟಿದರೆ ಒಂದು ನಕ್ಷತ್ರಕ್ಕೆ ಅವಳ ಹೆಸರಿಟ್ಟು ಪ್ರಮಾಣಪತ್ರ ಕಳುಹಿಸುತ್ತಾರಂತೆ. ಆ ಹೆಸರು ನಿಜವಾಗಿಯೂ ಉಳಿಯುತ್ತದೆಯೇ? (ಸಕಲೇಶಪುರದ ಓದುಗರೊಬ್ಬರು)

ಉಳಿಯುವುದಿಲ್ಲ. ಆ ಹೆಸರು ಮಾರಿದವರ ದಫ್ತರದಲ್ಲಿ ಮಾತ್ರ ಇರುತ್ತದೆ. ಅದೇ ನಕ್ಷತ್ರವನ್ನು ಇನ್ನೊಬ್ಬರು ಇನ್ನೊಂದು ಹೆಸರಿನಲ್ಲಿ ಮಾರಿದರೆ ತಡೆಯುವವರಿಲ್ಲ, ಏಕೆಂದರೆ ಒಬ್ಬರ ದಫ್ತರವನ್ನು ಇನ್ನೊಬ್ಬರು ನೋಡಬೇಕಾಗಿಲ್ಲ. ಖಗೋಳ ವಿಜ್ಞಾನಿಗಳು ಯಾರೂ ಆ ಹೆಸರನ್ನು ಬಳಸುವುದಿಲ್ಲ. ಪ್ರಮಾಣಪತ್ರದ ಜೊತೆ ಬರುವ ನಕಾಶೆಯಲ್ಲಿ ಗುರುತು ಮಾಡಿರುವ ಚುಕ್ಕಿ ಸಾಮಾನ್ಯವಾಗಿ ಬರಿಗಣ್ಣಿಗೆ ಕಾಣುವುದೂ ಇಲ್ಲ. ತನ್ನ ಹೆಸರಿನ ನಕ್ಷತ್ರ ಎಲ್ಲಿದೆ ಎಂದು ಹುಡುಗಿ ಅಂಗಳಕ್ಕೆ ಬಂದು ತಲೆ ಎತ್ತಿದರೆ ಕತ್ತಲೆಯನ್ನು ತೋರಿಸಬೇಕಾಗುತ್ತದೆ. ಹಣ ಹೋಗುವುದಕ್ಕಿಂತ ನನಗೆ ಹೆಚ್ಚು ನೋವಾಗುವುದು ಇದಕ್ಕೆ.

ಹಾಗಾದರೆ ಹೆಸರಿಡುವವರು ಯಾರು? 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ. ನಕ್ಷತ್ರಗಳ ಹೆಸರುಗಳನ್ನು ಒಂದು ಪಟ್ಟಿಗೆ ತರಲು ಅದು 2016ರಲ್ಲಿ ಪ್ರತ್ಯೇಕ ಸಮಿತಿಯನ್ನು ಮಾಡಿತು. ಗಯಾ ದೂರದರ್ಶಕ ಅಳೆದ ನಕ್ಷತ್ರಗಳೇ ನೂರು ಕೋಟಿಗೂ ಹೆಚ್ಚು. ಒಕ್ಕೂಟ ಒಪ್ಪಿದ ಹೆಸರುಗಳು ಕೆಲವು ನೂರು. ಉಳಿದವಕ್ಕೆಲ್ಲ ಅಕ್ಷರ, ಅಂಕಿ ಅಷ್ಟೇ. ಒಕ್ಕೂಟ ಹೆಸರುಗಳನ್ನು ಮಾರುವುದಿಲ್ಲ.

ಅದು ಒಮ್ಮೆ ಹೆಸರಿಡುವ ಅವಕಾಶವನ್ನು ಎಲ್ಲ ದೇಶಗಳ ಜನರಿಗೂ ಕೊಟ್ಟಿತ್ತು. 2019ರಲ್ಲಿ ಭಾರತದ ಪಾಲಿಗೆ ಬಂದದ್ದು ಎಚ್‌ಡಿ 86081 ಎಂಬ ನಕ್ಷತ್ರ ಮತ್ತು ಅದನ್ನು ಎರಡು ದಿನಕ್ಕೊಮ್ಮೆ ಸುತ್ತಿಬರುವ ಒಂದು ಗ್ರಹ. ವಿದ್ಯಾರ್ಥಿಗಳು ಸೂಚಿಸಿದ ಹೆಸರುಗಳೇ ಗೆದ್ದವು: ನಕ್ಷತ್ರಕ್ಕೆ ಬಿಭಾ, ಗ್ರಹಕ್ಕೆ ಸಂತಮಸ. ಬಿಭಾ ಎಂದರೆ ಬಂಗಾಳಿಯಲ್ಲಿ ಬೆಳಕಿನ ಕಿರಣ. ವಿಶ್ವಕಿರಣಗಳ ಸಂಶೋಧನೆಯಲ್ಲಿ ಬಾಳು ಸವೆಸಿದ ಬಿಭಾ ಚೌಧುರಿಯವರ ನೆನಪೂ ಅದರಲ್ಲಿದೆ. ನಮ್ಮ ಕೋಲಾರ ಚಿನ್ನದ ಗಣಿಯ ಆಳದಲ್ಲಿ ನಡೆದ ಪ್ರಯೋಗಗಳಲ್ಲೂ ಅವರು ಭಾಗಿಯಾಗಿದ್ದರು. ಬದುಕಿದ್ದಾಗ ಸಿಗಬೇಕಾದ ಮನ್ನಣೆ ಆ ತಾಯಿಗೆ ಸಿಗಲಿಲ್ಲ. ಬದುಕಿರುವವರ ಹೆಸರನ್ನು ಆ ಸ್ಪರ್ಧೆ ಒಪ್ಪುತ್ತಲೂ ಇರಲಿಲ್ಲ.

ನಮ್ಮ ಕಡೆ ಹೆಸರು ಇಳಿದು ಬರುವುದು ಮೇಲಿನಿಂದ. ಒಕ್ಕೂಟದ ಪಟ್ಟಿಯಲ್ಲಿ ರೇವತಿ, ಭರಣಿ, ಆಶ್ಲೇಷಾ ಎಂಬ ಹೆಸರುಗಳು ಈಗಾಗಲೇ ಇವೆ. ಹಾಸನ, ಚಿಕ್ಕಮಗಳೂರಿನ ಶಾಲೆಗಳ ಹಾಜರಿ ಪುಸ್ತಕದಲ್ಲೂ ಇವೆ! ಇವುಗಳಲ್ಲಿ ರೇವತಿಯ ಮೇಲೆ ನನಗೆ ಪ್ರೀತಿ ಹೆಚ್ಚು. ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಬೀಳುವುದು ರೇವತಿ ಮಳೆ. ಅದು ಹದವಾಗಿ ಬಂದರೆ ಎಂಟು-ಹತ್ತು ದಿನಗಳಲ್ಲಿ ಕಾಫಿ ತೋಟ ಬೆಳ್ಳಗಾಗಿ, ಮಲ್ಲಿಗೆಯಂಥ ಘಮ ರಸ್ತೆಯವರೆಗೂ ಬರುತ್ತದೆ. ಆದರೆ ರೇವತಿ ಮಳೆಯ ದಿನಗಳಲ್ಲಿ ರೇವತಿ ನಕ್ಷತ್ರ ಕಾಣುವುದಿಲ್ಲ. ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲಿ ನಿಂತಿರುತ್ತಾನೆ, ಮಳೆಗೆ ಆ ಹೆಸರು ಬಂದದ್ದೇ ಅದರಿಂದ. ಅದನ್ನು ನೋಡಬೇಕಾದರೆ ಹಣ್ಣು ಕೊಯ್ಯುವ ಕಾಲದವರೆಗೆ ಕಾಯಬೇಕು. ಡಿಸೆಂಬರ್ ಮೊದಲ ವಾರಗಳಲ್ಲಿ, ರಾತ್ರಿ ಎಂಟೂವರೆಯ ಸುಮಾರಿಗೆ, ಕಣದಲ್ಲಿ ನಿಂತರೆ ಅದು ನೆತ್ತಿಯ ಹತ್ತಿರ ಇರುತ್ತದೆ. ಬಹಳ ಮಂಕು ಚುಕ್ಕಿ. ಊರಿನ ದೀಪಗಳಿಂದ ದೂರವಿರುವ ತೋಟವೇ ಬೇಕು. ಸಣ್ಣ ದೂರದರ್ಶಕದಲ್ಲಿ ನೋಡಿದರೆ ಒಂದಲ್ಲ, ಎರಡು ನಕ್ಷತ್ರಗಳು ಎಂಬುದು ತಿಳಿಯುತ್ತದೆ.

ಇನ್ನು ನಿಮ್ಮ ಮಗಳ ವಿಚಾರ. ಅವಳಿಗೆ ಶ್ರವಣ ನಕ್ಷತ್ರವನ್ನು ತೋರಿಸಿ. (ಶ್ರವಣಬೆಳಗೊಳದ ಶ್ರವಣ ಬೇರೆ, ಅದು ಶ್ರಮಣ ಎಂಬ ಪದದಿಂದ ಬಂದದ್ದು.) ಶ್ರವಣದ ಬೆಳಕು ನಮ್ಮನ್ನು ತಲುಪಲು ಸುಮಾರು 16.7 ವರ್ಷ ಬೇಕು. ಹಾಸನದ ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದ ದೊಡ್ಡ ಆಂಟೆನಾಗಳನ್ನು ಅವಳು ನೋಡಿರಬಹುದು. ಅಲ್ಲಿಂದ ಹೊರಟ ಸಂಕೇತ 36,000 ಕಿಲೋಮೀಟರ್ ಎತ್ತರದ ಉಪಗ್ರಹವನ್ನು ಮುಟ್ಟಲು ಸೆಕೆಂಡಿನ ಎಂಟನೇ ಒಂದು ಭಾಗ ಸಾಕು. ಬೆಳಕೂ ಅದೇ ವೇಗದಲ್ಲಿ ಬರುತ್ತದೆ, ಆದರೂ ಶ್ರವಣದಿಂದ ಬರಲು ಹೆಚ್ಚುಕಡಿಮೆ ಅವಳ ಇಡೀ ವಯಸ್ಸು ಹಿಡಿಯುತ್ತದೆ. ಆ ನಕ್ಷತ್ರದ ಚುರುಕೂ ಹೇಳುವಂಥದ್ದೇ. ನಮ್ಮ ಸೂರ್ಯ ತನ್ನ ಸುತ್ತ ಒಮ್ಮೆ ತಿರುಗಲು ಸುಮಾರು 25 ದಿನ ತೆಗೆದುಕೊಂಡರೆ, ಶ್ರವಣ ಹತ್ತು ಗಂಟೆಯೊಳಗೆ ತಿರುಗಿಬಿಡುತ್ತದೆ. ಆ ಭರಕ್ಕೆ ನಡು ಉಬ್ಬಿ, ಮೇಲೆ ಕೆಳಗೆ ಒತ್ತಿದ ಕಿತ್ತಳೆಯಂತಾಗಿದೆ.

ಹುಡುಕುವುದು ಕಷ್ಟವಲ್ಲ. ನವೆಂಬರ್ ನಡುವಿನಲ್ಲಿ ಸಂಜೆ ಏಳಕ್ಕೆ ಪಶ್ಚಿಮಕ್ಕೆ ಮುಖ ಮಾಡಿ, ದಿಗಂತಕ್ಕೂ ನೆತ್ತಿಗೂ ನಡುವಿಗಿಂತ ತುಸು ಮೇಲೆ ನೋಡಿ. ಎರಡು ಮಂಕು ಚುಕ್ಕಿಗಳ ನಡುವೆ, ಒಂದೇ ಗೆರೆಯಲ್ಲಿ, ಬೆಳ್ಳಗೆ ಹೊಳೆಯುವುದೇ ಶ್ರವಣ. ವಾಯವ್ಯದಲ್ಲಿ ಇನ್ನೂ ಕೆಳಗೆ ಅದಕ್ಕಿಂತ ಪ್ರಕಾಶಮಾನವಾಗಿ ಕಾಣುವುದು ಅಭಿಜಿತ್. ಅದರ ಬೆಳಕು 25 ವರ್ಷ ಹಳೆಯದು, ಗೊಂದಲ ಮಾಡಿಕೊಳ್ಳಬೇಡಿ.

ಹುಟ್ಟುಹಬ್ಬದ ಸಂಜೆ ಅವಳ ಕಣ್ಣಿಗೆ ಬೀಳುವ ಆ ಬೆಳಕು ಶ್ರವಣದಿಂದ ಹೊರಟಾಗ, ಅವಳು ನಿಮ್ಮ ಮನೆಯ ಚಾಪೆಯ ಮೇಲೆ ಬೋರಲು ಬೀಳಲು ಕಲಿಯುತ್ತಿದ್ದಳು.